ಚೆಸ್ ಟೂರ್ನಿ ನಡೆಸುವವರಿಗೆ: ಯಾವ ಕೆಲಸ ಸ್ವಯಂಸೇವಕರಿಗೆ, ಯಾವುದು ಹಣ ಕೊಟ್ಟು ಕರೆಸಿದವರಿಗೆ?

ಊರಿನ ಚೆಸ್ ಕ್ಲಬ್ಬುಗಳನ್ನು ನಡೆಸುವವರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ: ಒಂದು ದಿನದ ಟೂರ್ನಿಯನ್ನು ನಮ್ಮ ಸದಸ್ಯರೇ ಸೇರಿ ನಡೆಸಿಬಿಡಬಹುದೇ, ಇಲ್ಲವೇ ದುಡ್ಡು ಕೊಟ್ಟು ಯಾರಿಗಾದರೂ ವಹಿಸಬೇಕೇ? 2024ರ ಸೆಪ್ಟೆಂಬರ್‌ನಲ್ಲಿ ಬುಡಾಪೆಸ್ಟ್ ಒಲಿಂಪಿಯಾಡ್‌ನಲ್ಲಿ ಭಾರತದ ಪುರುಷರ ಹಾಗೂ ಮಹಿಳೆಯರ ತಂಡಗಳೆರಡೂ ಚಿನ್ನ ಗೆದ್ದು, ಅದೇ ಡಿಸೆಂಬರ್‌ನಲ್ಲಿ ಸಿಂಗಪುರದಲ್ಲಿ ಡಿ. ಗುಕೇಶ್ ವಿಶ್ವ ಚಾಂಪಿಯನ್ ಆದ ಮೇಲೆ, ಭಾನುವಾರ ಸಂಜೆ ಹತ್ತಿಪ್ಪತ್ತು ಜನ ಸೇರಿ ಆಡಿಕೊಂಡಿದ್ದ ಕ್ಲಬ್ಬುಗಳೂ ನೂರಾರು ಮಕ್ಕಳನ್ನು ಕರೆಯುವ ಧೈರ್ಯ ಮಾಡುತ್ತಿವೆ. ಧೈರ್ಯವೇನೋ ಒಳ್ಳೆಯದೇ. ಆದರೆ 20 ಜನರ ಆಟಕ್ಕೂ 128 ಜನರ ಟೂರ್ನಿಗೂ ಇರುವ ವ್ಯತ್ಯಾಸ ಬರೀ ಕುರ್ಚಿಗಳ ಸಂಖ್ಯೆಯದಲ್ಲ.

ಪೂರ್ತಿ ಸ್ವಯಂಸೇವಕರು ಅಥವಾ ಪೂರ್ತಿ ವೃತ್ತಿಪರರು ಎಂಬ ಎರಡೂ ದಾರಿಗಳನ್ನು ನಾನು ಶಿಫಾರಸು ಮಾಡುವುದಿಲ್ಲ. ಕೆಲಸಗಳನ್ನು ಬಿಡಿಬಿಡಿಯಾಗಿ ತೆಗೆದುಕೊಂಡು, ಪ್ರತಿಯೊಂದರ ಗುಣ ನೋಡಿ ಹಂಚಬೇಕು. ಯಾವುದಕ್ಕೆ ಎಷ್ಟು ಖರ್ಚಾಗುತ್ತದೆ ಎಂಬುದು ಆಮೇಲಿನ ಮಾತು. ಈ ಲೇಖನದ ಉದಾಹರಣೆಗಳೆಲ್ಲ ಒಂದು ದಿನದ, ಸುಮಾರು 128 ಆಟಗಾರರ ರ‍್ಯಾಪಿಡ್ ಟೂರ್ನಿಯನ್ನು ಕುರಿತವು. ರ‍್ಯಾಪಿಡ್ ಎಂದರೆ ಪ್ರತಿ ಆಟಗಾರನಿಗೆ ಹತ್ತು ನಿಮಿಷಕ್ಕಿಂತ ಹೆಚ್ಚು, ಒಂದು ಗಂಟೆಗಿಂತ ಕಡಿಮೆ ಸಮಯ ಸಿಗುವ ಆಟ.

1. ಮೊದಲು ಟೂರ್ನಿಯ ಅಳತೆಯನ್ನು ನಿಗದಿ ಮಾಡಿ

ಯಾರನ್ನು ಕರೆಸಬೇಕೆಂದು ಯೋಚಿಸುವ ಮೊದಲು ನಾಲ್ಕು ವಿಷಯಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ: ರೇಟಿಂಗ್ ಇದೆಯೇ ಇಲ್ಲವೇ, ಗರಿಷ್ಠ ಎಷ್ಟು ಪ್ರವೇಶ, ಎಷ್ಟು ಸುತ್ತು, ಪ್ರತಿ ಆಟಕ್ಕೆ ಎಷ್ಟು ಸಮಯ.

ರೇಟಿಂಗ್ ಎಂದರೆ ಆಟಗಾರನ ಬಲವನ್ನು ಸೂಚಿಸುವ ಅಧಿಕೃತ ಅಂಕ. ಅಂತರರಾಷ್ಟ್ರೀಯ ಚೆಸ್ ಸಂಸ್ಥೆಯಾದ ಫಿಡೆ ಇದನ್ನು ನಿರ್ವಹಿಸುತ್ತದೆ. ನಿಮ್ಮ ಟೂರ್ನಿಯ ಫಲಿತಾಂಶ ಈ ಅಂಕಕ್ಕೆ ಸೇರಬೇಕೆಂದಿದ್ದರೆ ರಾಜ್ಯ ಸಂಸ್ಥೆಯ ಅನುಮತಿ, ಮುಂಚಿತ ನೋಂದಣಿ ಮತ್ತು ಫಿಡೆ ಪರವಾನಗಿ ಪಡೆದ ಆರ್ಬಿಟರ್‌ಗಳು ಬೇಕೇ ಬೇಕು. ಆರ್ಬಿಟರ್ ಎಂದರೆ ಚೆಸ್‌ನ ತೀರ್ಪುಗಾರರು. ಹಾಗಾಗಿ ರೇಟಿಂಗ್ ಟೂರ್ನಿಯಲ್ಲಿ ಈ ಸ್ಥಾನಕ್ಕೆ ನಿಮ್ಮ ಕ್ಲಬ್ಬಿನ ಹಿರಿಯ ಆಟಗಾರರನ್ನು ಕೂರಿಸುವ ಆಯ್ಕೆಯೇ ನಿಮಗಿಲ್ಲ. ಮೊದಲ ಸಲ ನಡೆಸುವವರು ರೇಟಿಂಗ್ ಇಲ್ಲದ ಟೂರ್ನಿಯಿಂದ ಶುರು ಮಾಡುವುದು ಮೇಲು.

ಸುತ್ತುಗಳ ಲೆಕ್ಕ ಸರಳ. ಇಂಥ ಟೂರ್ನಿಗಳು ಸ್ವಿಸ್ ಪದ್ಧತಿಯಲ್ಲಿ ನಡೆಯುತ್ತವೆ. 1895ರಲ್ಲಿ ಜ್ಯೂರಿಕ್‌ನಲ್ಲಿ ಮೊದಲು ಬಳಕೆಯಾದ ಈ ಪದ್ಧತಿಯಲ್ಲಿ ಸೋತವರು ಮನೆಗೆ ಹೋಗುವುದಿಲ್ಲ. ಪ್ರತಿ ಸುತ್ತಿನಲ್ಲೂ ಆ ಟೂರ್ನಿಯಲ್ಲಿ ಅಲ್ಲಿಯವರೆಗೆ ಹೆಚ್ಚು ಕಡಿಮೆ ಸಮಾನ ಅಂಕ ಗಳಿಸಿದವರು ಎದುರುಬದುರಾಗುತ್ತಾರೆ, ಒಮ್ಮೆ ಆಡಿದವರು ಮತ್ತೆ ಪರಸ್ಪರ ಆಡುವುದಿಲ್ಲ. 64 ಜನರಿಗೆ ಆರು ಸುತ್ತು, 128 ಜನರಿಗೆ ಏಳು ಸುತ್ತು ಇಟ್ಟರೆ ಕೊನೆಯಲ್ಲಿ ಎಲ್ಲ ಆಟವನ್ನೂ ಗೆದ್ದವರು ಒಬ್ಬರಿಗಿಂತ ಹೆಚ್ಚು ಉಳಿಯುವುದಿಲ್ಲ.

ಸಮಯದ ಲೆಕ್ಕದಲ್ಲಿ ಹೊಸಬರು ಸಾಮಾನ್ಯವಾಗಿ ಎಡವುತ್ತಾರೆ. 15 ನಿಮಿಷ ಮತ್ತು ಪ್ರತಿ ನಡೆಗೆ 10 ಸೆಕೆಂಡ್ ಸೇರ್ಪಡೆ ಎಂದು ಘೋಷಿಸಿದರೆ, 60 ನಡೆಗಳ ಆಟಕ್ಕೆ ಒಬ್ಬರಿಗೆ 25 ನಿಮಿಷ, ಇಬ್ಬರಿಗೂ ಸೇರಿ 50 ನಿಮಿಷ ಬೇಕು. ಅದರ ಮೇಲೆ ಮುಂದಿನ ಸುತ್ತಿನ ತಯಾರಿಗೆ ಕಾಲು ಗಂಟೆ ಸೇರಿಸಿ. ಏಳು ಸುತ್ತಿಗೆ ಏಳೂವರೆ ಗಂಟೆ, ಊಟಕ್ಕೆ ಮುಕ್ಕಾಲು ಗಂಟೆ. ಬೆಳಿಗ್ಗೆ ಒಂಬತ್ತೂವರೆಗೆ ಶುರುವಾದರೂ ಮುಗಿಯುವುದು ಆರಕ್ಕೆ, ಬಹುಮಾನ ವಿತರಣೆ ಏಳಕ್ಕೆ. ಅದೇ 10 ನಿಮಿಷ ಮತ್ತು 5 ಸೆಕೆಂಡ್ ಇಟ್ಟರೆ ಸುತ್ತಿಗೆ 50 ನಿಮಿಷ ಸಾಕು, ನಾಲ್ಕು ಗಂಟೆಯ ಹೊತ್ತಿಗೆ ಆಟ ಮುಗಿದಿರುತ್ತದೆ. ಬೆಳಿಗ್ಗೆ ಏಳಕ್ಕೆ ಬಂದ ಸ್ವಯಂಸೇವಕರು ಸಂಜೆ ಏಳರವರೆಗೂ ಅದೇ ಉತ್ಸಾಹದಲ್ಲಿ ನಿಂತಿರುತ್ತಾರೆಂದು ನಂಬಿ ಯೋಜನೆ ಮಾಡಬೇಡಿ. ಸಮಯದ ಈ ಆಯ್ಕೆಯೇ ನಿಮಗೆ ಎಷ್ಟು ಜನ ಬೇಕೆಂಬುದನ್ನು ಅರ್ಧ ತೀರ್ಮಾನಿಸಿರುತ್ತದೆ.

ದಿನಾಂಕದ ಬಗ್ಗೆ ಒಂದು ಮಾತು. ಲಗ್ನಸರಿಯಲ್ಲಿ ಕಲ್ಯಾಣ ಮಂಟಪವೂ ಸಿಗುವುದಿಲ್ಲ, ಅಡುಗೆಯವರೂ ಸಿಗುವುದಿಲ್ಲ, ಶಾಮಿಯಾನದವರು ಹೇಳಿದ್ದೇ ದರ. ಆಷಾಢದಲ್ಲಿ ಮೂವರೂ ಬಿಡುವಾಗಿರುತ್ತಾರೆ. ಮಲೆನಾಡು ಮತ್ತು ಕರಾವಳಿಯವರು ಮಾತ್ರ ಮಳೆಯನ್ನು ನೆನಪಿಟ್ಟುಕೊಂಡು, ಪೋಷಕರು ಕೂರಲು ಸೂರಿರುವ ಜಾಗವನ್ನೇ ಆರಿಸಿಕೊಳ್ಳಬೇಕು.

2. ಕೆಲಸಗಳ ಪಟ್ಟಿ ಮಾಡಿ, ಪ್ರತಿಯೊಂದನ್ನೂ ಮೂರು ಪ್ರಶ್ನೆಗಳಿಗೆ ಒಡ್ಡಿ

"ನೋಂದಣಿ", "ಊಟ", "ವ್ಯವಸ್ಥೆ" ಎಂದು ದೊಡ್ಡ ದೊಡ್ಡ ತಲೆಬರಹ ಬರೆದರೆ ಪ್ರಯೋಜನವಿಲ್ಲ. "ಪ್ರತಿ ಸುತ್ತಿನ ಜೋಡಿಪಟ್ಟಿಯನ್ನು ಮುದ್ರಿಸಿ ಮೂರು ಕಡೆ ಅಂಟಿಸುವುದು" ಎಂಬಷ್ಟು ಬಿಡಿಯಾಗಿ ಬರೆಯಿರಿ (ಯಾರು ಯಾರೊಂದಿಗೆ ಆಡಬೇಕೆಂಬ ಪಟ್ಟಿಯೇ ಜೋಡಿಪಟ್ಟಿ). ಹೀಗೆ ಬರೆದ ಪ್ರತಿ ಕೆಲಸದ ಮುಂದೆ ಈ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ.

ಒಂದು, ಈ ಕೆಲಸದಲ್ಲಿ ತಪ್ಪಾದರೆ ಅದೇ ದಿನ ಸರಿಪಡಿಸಲು ಸಾಧ್ಯವೇ? ಚಹಾ ತಡವಾದರೆ ಜನ ಗೊಣಗಿ ಸುಮ್ಮನಾಗುತ್ತಾರೆ. ನಾಲ್ಕನೇ ಸುತ್ತಿನ ಫಲಿತಾಂಶವೊಂದು ತಪ್ಪಾಗಿ ದಾಖಲಾಗಿ ಐದನೇ ಸುತ್ತು ಆಡಿ ಮುಗಿದಿದ್ದರೆ ಅದನ್ನು ಹಿಂದಕ್ಕೆ ತಿರುಗಿಸುವ ದಾರಿಯಿಲ್ಲ.

ಎರಡು, ಈ ಕೆಲಸ ಮಾಡುವವರ ಮೇಲೆ ಪಕ್ಷಪಾತದ ಶಂಕೆ ಬರಬಹುದೇ? ಮೂರು, ಇವರು ನಡುಮಧ್ಯಾಹ್ನ "ಮನೆಯಲ್ಲಿ ಏನೋ ಕೆಲಸವಿದೆ" ಎಂದು ಎದ್ದು ಹೋದರೆ ಟೂರ್ನಿ ನಿಲ್ಲುತ್ತದೆಯೇ? ಸ್ವಯಂಸೇವಕರಿಗೆ ಎದ್ದು ಹೋಗುವ ಹಕ್ಕಿದೆ ಎಂಬುದನ್ನು ಸಂಘಟಕರು ಮರೆಯಬಾರದು. ಹಣ ತೆಗೆದುಕೊಂಡವರಿಗೆ ಆ ಹಕ್ಕಿಲ್ಲ. ನೀವು ಕೊಡುವ ಹಣದಲ್ಲಿ ದೊಡ್ಡ ಪಾಲು ಈ ಖಾತರಿಯದೇ.

ಮೂರರಲ್ಲಿ ಒಂದಕ್ಕಾದರೂ ಉತ್ತರ ಆತಂಕ ಹುಟ್ಟಿಸುವಂತಿದ್ದರೆ ಆ ಕೆಲಸವನ್ನು ಹಣ ಕೊಟ್ಟು ಮಾಡಿಸಿ. ಉಳಿದದ್ದೆಲ್ಲ ಸ್ವಯಂಸೇವಕರದು.

3. ಹಣ ಕೊಟ್ಟೇ ಮಾಡಿಸಬೇಕಾದ ಕೆಲಸಗಳು

ಮೊದಲನೆಯದು ಆರ್ಬಿಟರ್. ರೇಟಿಂಗ್ ಇಲ್ಲದ ಟೂರ್ನಿಗೂ ತರಬೇತಿ ಪಡೆದ, ನಿಮ್ಮ ಕ್ಲಬ್ಬಿಗೆ ಸೇರದ ಮುಖ್ಯ ಆರ್ಬಿಟರ್ ಒಬ್ಬರು ಇರಲೇಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಅಖಿಲ ಭಾರತ ಚೆಸ್ ಫೆಡರೇಷನ್ ಪರೀಕ್ಷೆ ನಡೆಸಿ ಸೀನಿಯರ್ ನ್ಯಾಷನಲ್ ಆರ್ಬಿಟರ್ ಎಂಬ ಅರ್ಹತೆ ಕೊಡುತ್ತದೆ; ಅದರ ಮೇಲೆ ಫಿಡೆ ಆರ್ಬಿಟರ್, ಇಂಟರ್‌ನ್ಯಾಷನಲ್ ಆರ್ಬಿಟರ್ ಎಂಬ ಪದವಿಗಳಿವೆ. ಊರಿನ ಟೂರ್ನಿಗೆ ಮೊದಲ ಹಂತದ ಅನುಭವಿಗಳು ಧಾರಾಳ ಸಾಕು. ಜಿಲ್ಲಾ ಚೆಸ್ ಸಂಸ್ಥೆಯಲ್ಲಿ ವಿಚಾರಿಸಿದರೆ ಹೆಸರುಗಳು ಸಿಗುತ್ತವೆ.

"ನಮ್ಮಲ್ಲೇ ಒಳ್ಳೆಯ ಆಟಗಾರರಿದ್ದಾರಲ್ಲ" ಎಂಬ ಮಾತು ಇಲ್ಲಿ ಬಂದೇ ಬರುತ್ತದೆ. ಚೆನ್ನಾಗಿ ಆಡುವುದು ಬೇರೆ, ನಿಯಮವನ್ನು ಅನ್ವಯಿಸುವುದು ಬೇರೆ. ಒಂದು ಉದಾಹರಣೆ ನೋಡಿ. ಎಂಟು ವರ್ಷದ ಹುಡುಗನೊಬ್ಬ ತನ್ನ ರಾಜನಿಗೆ ಚೆಕ್ ಇರುವುದನ್ನು ಗಮನಿಸದೆ ಕುದುರೆಯನ್ನು ನಡೆಸಿ ಗಡಿಯಾರ ಒತ್ತುತ್ತಾನೆ. ಎದುರಿನ ಹುಡುಗಿ ಕೂಡಲೇ ಆ ರಾಜನನ್ನೇ ಹೊಡೆದು "ನಾನು ಗೆದ್ದೆ" ಎನ್ನುತ್ತಾಳೆ. ಮನೆಯ ಆಟದಲ್ಲಿ ಇದು ನಡೆಯಬಹುದು. ಆದರೆ ರಾಜನನ್ನು ಹೊಡೆಯುವುದೆಂಬ ನಡೆಯೇ ನಿಯಮದಲ್ಲಿಲ್ಲ. ಆಕೆ ಮಾಡಬೇಕಿದ್ದುದು ಗಡಿಯಾರ ನಿಲ್ಲಿಸಿ ಕೈ ಎತ್ತುವುದು. ರ‍್ಯಾಪಿಡ್ ಆಟದಲ್ಲಿ ನಿಯಮಬಾಹಿರ ನಡೆಯ ದೂರನ್ನು ಎದುರಾಳಿಯು ತನ್ನ ಮುಂದಿನ ನಡೆಗೆ ಮೊದಲೇ ಹೇಳಬೇಕು. ಮೊದಲ ಸಲವಾದರೆ ಎದುರಾಳಿಗೆ ಎರಡು ನಿಮಿಷ ಹೆಚ್ಚುವರಿ ಸಮಯ, ಅದೇ ಆಟಗಾರ ಎರಡನೇ ಸಲ ಮಾಡಿದರೆ ಸೋಲು. ಈಗ ಇಬ್ಬರು ಮಕ್ಕಳೂ ಅಳುವ ಸ್ಥಿತಿಯಲ್ಲಿದ್ದಾರೆ, ಬಾಗಿಲಿನಾಚೆ ಇಬ್ಬರ ಪೋಷಕರೂ ಇಣುಕುತ್ತಿದ್ದಾರೆ. ತೀರ್ಪು ಕೊಡಬೇಕಾದವರು ಆ ಹುಡುಗಿಗೆ ವಾರವಿಡೀ ಪಾಠ ಹೇಳಿಕೊಡುವ ಕೋಚ್ ಆಗಿದ್ದರೆ, ಎಷ್ಟೇ ನ್ಯಾಯವಾದ ತೀರ್ಪಾದರೂ ಯಾರೂ ಒಪ್ಪುವುದಿಲ್ಲ. ಹೊರಗಿನಿಂದ ಬಂದ ಆರ್ಬಿಟರ್ ಅದನ್ನೇ ಹೇಳಿದರೆ ಅರ್ಧ ನಿಮಿಷದಲ್ಲಿ ಆಟ ಮುಂದುವರಿಯುತ್ತದೆ.

64 ಬೋರ್ಡುಗಳಿಗೆ ಮುಖ್ಯ ಆರ್ಬಿಟರ್ ಒಬ್ಬರು, ಜೋಡಿಪಟ್ಟಿ ಮಾಡುವವರು ಒಬ್ಬರು, ಹಾಲ್‌ನಲ್ಲಿ ಓಡಾಡುವವರು ಮೂವರು ಎಂಬುದು ನನ್ನ ಅಂದಾಜು. ಎಂಟು ವರ್ಷದೊಳಗಿನ ಮಕ್ಕಳು ಹೆಚ್ಚಿದ್ದರೆ ಇನ್ನೊಬ್ಬರನ್ನು ಸೇರಿಸಿಕೊಳ್ಳಿ. ಹಣದ ಮುಗ್ಗಟ್ಟಿದ್ದರೆ ಹಾಲ್‌ನ ಮೂವರಲ್ಲಿ ಒಬ್ಬರ ಜಾಗಕ್ಕೆ ನಿಯಮ ಬಲ್ಲ ಸ್ವಯಂಸೇವಕರನ್ನು ಹಾಕಬಹುದು, ಆದರೆ ಅವರು ತೀರ್ಪು ಕೊಡಬಾರದು. ಕೈ ಎತ್ತಿದ ಮಗುವಿನ ಬಳಿಗೆ ಆರ್ಬಿಟರನ್ನು ಕರೆತರುವುದಷ್ಟೇ ಅವರ ಕೆಲಸ.

ಎರಡನೆಯದು ಪೇರಿಂಗ್, ಅಂದರೆ ಪ್ರತಿ ಸುತ್ತಿನಲ್ಲಿ ಯಾರು ಯಾರೊಂದಿಗೆ ಆಡಬೇಕೆಂಬ ಜೋಡಿ ನಿರ್ಣಯ. ಇದಕ್ಕೆ ಸ್ವಿಸ್ ಮ್ಯಾನೇಜರ್‌ನಂಥ ಸಾಫ್ಟ್‌ವೇರ್ ಬಳಕೆಯಲ್ಲಿದೆ, ಫಲಿತಾಂಶಗಳನ್ನು ಚೆಸ್ ರಿಸಲ್ಟ್ಸ್ ತಾಣಕ್ಕೆ ಏರಿಸುತ್ತಾರೆ. ಕಂಪ್ಯೂಟರ್ ಬಲ್ಲ ಕಾಲೇಜು ಹುಡುಗರು ನಿಮ್ಮಲ್ಲಿರಬಹುದು, ಆದರೆ ಇಲ್ಲಿ ಬೇಕಾದದ್ದು ಕಂಪ್ಯೂಟರ್ ಜ್ಞಾನಕ್ಕಿಂತ ಹೆಚ್ಚಾಗಿ ಒತ್ತಡದಲ್ಲಿ ತಪ್ಪದೆ ಕೆಲಸ ಮಾಡುವ ಅಭ್ಯಾಸ. ಒಮ್ಮೆ ಪ್ರಕಟಿಸಿದ ಜೋಡಿಪಟ್ಟಿಯನ್ನು ಪೋಷಕರ ಒತ್ತಾಯಕ್ಕೆ ಬದಲಿಸುವಂತಿಲ್ಲ. ಅದನ್ನು ಹೇಳಿ ದಕ್ಕಿಸಿಕೊಳ್ಳುವ ಗಟ್ಟಿತನ ಹೊರಗಿನವರಿಗೆ ಸುಲಭ, ಪಕ್ಕದ ಮನೆಯ ಹುಡುಗನಿಗೆ ಕಷ್ಟ.

ಮೂರನೆಯದನ್ನು ಹೆಚ್ಚಿನ ಕ್ಲಬ್ಬುಗಳು ಪಟ್ಟಿಯಲ್ಲೇ ಬರೆಯುವುದಿಲ್ಲ: ಶೌಚಾಲಯದ ಸ್ವಚ್ಛತೆ. 128 ಆಟಗಾರರೆಂದರೆ ಪೋಷಕರೂ ಸೇರಿ ಮುನ್ನೂರರ ಹತ್ತಿರ ಜನ. ಶಾಲೆಯ ಅಥವಾ ಮಂಟಪದ ಕಾವಲುಗಾರ ಹೇಗೋ ನೋಡಿಕೊಳ್ಳುತ್ತಾನೆಂದು ಬಿಟ್ಟರೆ ಮಧ್ಯಾಹ್ನದ ಹೊತ್ತಿಗೆ ನೀರಿಲ್ಲ, ಕಾಲಿಡುವಂತಿಲ್ಲ. ಸ್ವಯಂಸೇವಕರಿಗೆ ಈ ಕೆಲಸ ಹೇಳಲೇಬಾರದು, ಮಂಟಪದ ಸಿಬ್ಬಂದಿಯಿಂದ ಪುಕ್ಕಟೆ ಮಾಡಿಸಿಕೊಳ್ಳಲೂಬಾರದು. ಇಬ್ಬರನ್ನು ದಿನವಿಡೀ ಇರುವಂತೆ ಗೊತ್ತುಮಾಡಿ, ಕೈಗವಸು, ಫಿನಾಯಿಲ್ ಮುಂತಾದವನ್ನು ನೀವೇ ಒದಗಿಸಿ, ಕೂಲಿಯನ್ನು ನೇರವಾಗಿ ಅವರ ಕೈಗೇ ಕೊಡಿ, ಊಟಕ್ಕೆ ಎಲ್ಲರ ಜೊತೆಗೇ ಕೂರಿಸಿ.

ಮೇಜು, ಕುರ್ಚಿ, ಜನರೇಟರ್, ಮೈಕ್ ಇವನ್ನು ಶಾಮಿಯಾನದವರು ತಂದು ಹಾಕಿ, ಒಯ್ಯುವ ಕರಾರಿನಲ್ಲೇ ತೆಗೆದುಕೊಳ್ಳಿ. "ನಮ್ಮ ಹುಡುಗರೇ ಇಳಿಸುತ್ತಾರೆ" ಎಂದು ಒಂದಿಷ್ಟು ಉಳಿಸಿದರೆ, ಹಿಂದಿನ ರಾತ್ರಿ ಮೇಜು ಹೊತ್ತ ಹುಡುಗರು ಬೆಳಿಗ್ಗೆ ಬರುವುದೇ ಎಂಟೂವರೆಗೆ. ಊಟವೂ ಅಡುಗೆ ಗುತ್ತಿಗೆದಾರರಿಗೇ ಇರಲಿ.

4. ಸ್ವಯಂಸೇವಕರೇ ಮಾಡಬೇಕಾದ ಕೆಲಸಗಳು

ಹಣ ಕೊಟ್ಟರೂ ಸಿಗದಂಥದ್ದು ಕೆಲವಿದೆ. ಬಾಗಿಲಲ್ಲಿ ನಿಂತು ಹೆದರಿದ ಮಗುವಿನ ಕೈ ಹಿಡಿದು ಬೋರ್ಡಿನವರೆಗೆ ಕರೆದೊಯ್ಯುವುದು, ಮೊದಲ ಸಲ ಬಂದ ಅಮ್ಮನಿಗೆ "ಬೈ" ಎಂದರೇನೆಂದು ಬಿಡಿಸಿ ಹೇಳುವುದು (ಆಟಗಾರರ ಸಂಖ್ಯೆ ಬೆಸವಾದಾಗ ಒಬ್ಬರಿಗೆ ಎದುರಾಳಿ ಇರುವುದಿಲ್ಲ, ಅವರಿಗೆ ಆಡದೆಯೇ ಅಂಕ ಸಿಗುತ್ತದೆ), ಸೋತು ಹೊರಬಂದವನನ್ನು ಅಭ್ಯಾಸದ ಬೋರ್ಡಿನ ಮುಂದೆ ಕೂರಿಸಿ ಆಟವನ್ನು ಮತ್ತೆ ಆಡಿ ತೋರಿಸುವುದು. ಈ ಕೆಲಸಗಳನ್ನು ಆಟದ ಮೇಲೆ ಪ್ರೀತಿ ಇರುವವರೇ ಮಾಡಬೇಕು. ದಿನಗೂಲಿಗೆ ಬಂದ ಸಮವಸ್ತ್ರದ ಹುಡುಗರು ಎಷ್ಟೇ ಸಭ್ಯರಾಗಿದ್ದರೂ ಇದು ಅವರಿಂದ ಆಗುವುದಿಲ್ಲ, ಆಗಬೇಕೆಂದು ಬಯಸುವುದೂ ತಪ್ಪು.

ಇವಲ್ಲದೆ ನೋಂದಣಿ ಮೇಜು, ವಯಸ್ಸಿನ ದಾಖಲೆ ಪರಿಶೀಲನೆ, ಜೋಡಿಪಟ್ಟಿ ಅಂಟಿಸುವುದು, ಫಲಿತಾಂಶದ ಚೀಟಿ ಸಂಗ್ರಹ, ಪ್ರಕಟಣೆ, ಬಾಗಿಲು ಕಾಯುವುದು, ನೀರಿನ ಕ್ಯಾನ್, ಬಹುಮಾನ ಜೋಡಿಸುವುದು ಎಲ್ಲವೂ ಸ್ವಯಂಸೇವಕರ ಪಾಲಿಗೆ. 128 ಆಟಗಾರರಿಗೆ 12 ಮಂದಿ ಬೇಕು, ಹೆಸರು ಬರೆದುಕೊಳ್ಳುವಾಗ 15 ಮಂದಿಯನ್ನು ಬರೆದುಕೊಳ್ಳಿ. ಅವರನ್ನು ಎರಡು ಪಾಳಿಗೆ ಹಂಚಿ. ಹನ್ನೆರಡು ತಾಸು ನಿಲ್ಲಿಸಿದರೆ ಮುಂದಿನ ವರ್ಷ ಫೋನ್ ಎತ್ತುವುದಿಲ್ಲ.

ಇಲ್ಲಿ ಮೂರು ಎಚ್ಚರಿಕೆಗಳಿವೆ. ಆಡುತ್ತಿರುವವರನ್ನು ಸ್ವಯಂಸೇವಕರನ್ನಾಗಿ ಮಾಡಬೇಡಿ; ಎರಡೂ ಕೆಡುತ್ತವೆ. ತಮ್ಮ ಮಗು ಆಡುತ್ತಿರುವ ಪೋಷಕರಿಗೆ ಹಾಲ್‌ನೊಳಗಿನ ಕೆಲಸ ಕೊಡಬೇಡಿ. ನೋಂದಣಿ, ಊಟ, ಹೊರಬಾಗಿಲು ಇವು ಅವರಿಗೆ ಸರಿಯಾದ ಜಾಗ. ಒಬ್ಬ ಅಪ್ಪ ಕೊರಳಿಗೆ ಬ್ಯಾಡ್ಜ್ ಹಾಕಿಕೊಂಡು ಮಗಳ ಬೋರ್ಡಿನ ಬಳಿ ಎರಡು ಸಲ ಸುಳಿದಾಡಿದರೆ ಸಾಕು, ಉಳಿದ ಪೋಷಕರೆಲ್ಲ ಬಾಗಿಲಿಗೆ ಬರುತ್ತಾರೆ. ಮೂರನೆಯದಾಗಿ, ಚಿಕ್ಕ ಮಕ್ಕಳನ್ನು ಶೌಚಾಲಯಕ್ಕೆ ಅಥವಾ ಹೊರಗೆ ಕರೆದೊಯ್ಯುವಾಗ ಯಾವ ಸ್ವಯಂಸೇವಕರೂ ಒಬ್ಬರೇ ಹೋಗಬಾರದು. ಮಗುವನ್ನು ಪೋಷಕರ ಕೈಗೆ ಒಪ್ಪಿಸುವುದೇ ನಿಯಮವಾಗಿರಲಿ.

ಟೂರ್ನಿಯ ಹಿಂದಿನ ಸಂಜೆ ಒಂದು ಗಂಟೆ ಎಲ್ಲರನ್ನೂ ಅದೇ ಹಾಲ್‌ಗೆ ಕರೆಸಿ. ಬೋರ್ಡ್ ಸಂಖ್ಯೆಗಳು ಎಲ್ಲಿಂದ ಎಲ್ಲಿಗೆ, ಫಲಿತಾಂಶದ ಚೀಟಿ ಯಾವ ಮೇಜಿಗೆ, ವಿವಾದವಾದರೆ ಯಾರನ್ನು ಕರೆಯಬೇಕು ಎಂಬುದನ್ನು ನಡೆದಾಡಿ ತೋರಿಸಿ. ವಾಟ್ಸಾಪ್‌ನಲ್ಲಿ ಕಳಿಸಿದ ಉದ್ದನೆಯ ಸೂಚನೆಯನ್ನು ಯಾರೂ ಓದಿರುವುದಿಲ್ಲ.

5. ಎಲ್ಲವನ್ನೂ ಒಂದೇ ಕಂಪನಿಗೆ ವಹಿಸುವ ಮುನ್ನ

ಈವೆಂಟ್ ಮ್ಯಾನೇಜ್‌ಮೆಂಟ್ ಕಂಪನಿಗಳು ಮದುವೆ, ಉದ್ಘಾಟನೆ, ಕಾರ್ಪೊರೇಟ್ ಕಾರ್ಯಕ್ರಮಗಳಲ್ಲಿ ಪಳಗಿದವು. ವೇದಿಕೆ, ದೀಪ, ಬ್ಯಾನರ್, ಧ್ವನಿ ಇವುಗಳಲ್ಲಿ ಅವರನ್ನು ಮೀರಿಸುವುದು ಕಷ್ಟ. ಆದರೆ ಚೆಸ್‌ಗೆ ಬೇಕಾದದ್ದು ನಿಶ್ಶಬ್ದ, ನೆರಳಿಲ್ಲದ ಸಮನಾದ ಬೆಳಕು, ಅಲುಗಾಡದ ಮೇಜು, ಸಾಲುಗಳ ನಡುವೆ ಆರ್ಬಿಟರ್ ನಡೆಯುವಷ್ಟು ಜಾಗ. ಬಣ್ಣದ ದೀಪ, ಹಿನ್ನೆಲೆ ಸಂಗೀತ, ನಿರೂಪಕರ ಅಬ್ಬರ ಇದಕ್ಕೆ ಬೇಡವೇ ಬೇಡ. ಆದ್ದರಿಂದ 200ಕ್ಕಿಂತ ಹೆಚ್ಚು ಆಟಗಾರರಿದ್ದು ಪ್ರಾಯೋಜಕರೂ ಇದ್ದರೆ ಮಾತ್ರ ಇಂಥ ಕಂಪನಿಯ ಯೋಚನೆ ಮಾಡಿ, ಆಗಲೂ ವೇದಿಕೆ ಮತ್ತು ಸಾಮಾನು ಸರಬರಾಜಿಗೆ ಸೀಮಿತಗೊಳಿಸಿ. ಆರ್ಬಿಟರ್‌ಗಳ ಆಯ್ಕೆ, ಬಹುಮಾನದ ಹಂಚಿಕೆ, ಪ್ರವೇಶ ಶುಲ್ಕದ ಖಾತೆ ಈ ಮೂರನ್ನು ಯಾವ ಕಾರಣಕ್ಕೂ ಹೊರಗೆ ಕೊಡಬೇಡಿ. ಶುಲ್ಕ ಕಂಪನಿಯ ಯುಪಿಐ ಖಾತೆಗೆ ಹೋಗಿ, ಬಹುಮಾನದ ಹಣ ಕ್ಲಬ್ಬಿನಿಂದ ಬರಬೇಕಾದ ಪರಿಸ್ಥಿತಿಯಲ್ಲಿ ಸಿಕ್ಕಿಕೊಂಡರೆ, ಆಟಗಾರರ ಎದುರು ಉತ್ತರ ಹೇಳಬೇಕಾದವರು ನೀವೇ.

6. ಹಣದ ಲೆಕ್ಕ ಮತ್ತು ಬರಹದ ಕರಾರು

ಲೆಕ್ಕಕ್ಕೆಂದು ಪ್ರವೇಶ ಶುಲ್ಕ ₹500 ಎಂದಿಟ್ಟುಕೊಳ್ಳಿ. 128 ಜನ ಪೂರ್ತಿ ಬಂದರೆ ₹64,000. ಪೂರ್ತಿ ಬರುತ್ತಾರೆಂದು ನಂಬಿ ಬಜೆಟ್ ಮಾಡಬೇಡಿ. 90 ಜನರ ಶುಲ್ಕ, ಅಂದರೆ ₹45,000ದಲ್ಲಿ ಟೂರ್ನಿ ನಡೆಯುವಂತಿರಬೇಕು. ಈ ಮೊತ್ತದಿಂದ ಮೊದಲು ಆರ್ಬಿಟರ್‌ಗಳ ಸಂಭಾವನೆ, ಹಾಲ್, ಸಾಮಾನು, ಸ್ವಚ್ಛತೆ ಇವನ್ನು ತೆಗೆದಿಟ್ಟು, ಉಳಿದದ್ದರಲ್ಲಿ ಬಹುಮಾನದ ಮೊತ್ತ ಘೋಷಿಸಿ. ಬಹಳ ಕ್ಲಬ್ಬುಗಳು ಇದನ್ನು ತಿರುವುಮುರುವಾಗಿ ಮಾಡುತ್ತವೆ. ದೊಡ್ಡ ಬಹುಮಾನ ಘೋಷಿಸಿ, ಆಮೇಲೆ ಹಣ ಸಾಲದೆ ಆರ್ಬಿಟರ್‌ಗಳ ಸಂಖ್ಯೆ ಇಳಿಸಿ, ಅವರ ಕೆಲಸವನ್ನು ಸ್ವಯಂಸೇವಕರ ಹೆಗಲಿಗೆ ಹಾಕುತ್ತವೆ. ಗೋಳೆಲ್ಲ ಶುರುವಾಗುವುದು ಅಲ್ಲಿಂದಲೇ. ಪ್ರಾಯೋಜಕರ ಹಣ ಕೈಗೆ ಬಂದಿದ್ದರೆ ಮಾತ್ರ ಲೆಕ್ಕಕ್ಕೆ ಸೇರಿಸಿ, "ಕೊಡುತ್ತೇನೆ ಅಂದಿದ್ದಾರೆ" ಎಂಬುದನ್ನು ಸೇರಿಸಬೇಡಿ.

ಹಣ ಪಡೆಯುವ ಪ್ರತಿಯೊಬ್ಬರೊಂದಿಗೂ ಒಂದು ಪುಟದ ಬರಹವಿರಲಿ. ಅದರಲ್ಲಿ ದಿನಾಂಕ, ಬರುವ ಮತ್ತು ಬಿಡುವ ಸಮಯ, ಕೆಲಸ, ಒಟ್ಟು ಮೊತ್ತ, ಮುಂಗಡ, ಬಾಕಿ ಕೊಡುವ ದಿನ ಇವಿಷ್ಟು ಸಾಕು. ಆರ್ಬಿಟರ್‌ಗಳ ವಿಷಯದಲ್ಲಿ ಪ್ರಯಾಣ ಮತ್ತು ವಸತಿ ಖರ್ಚು ಯಾರದೆಂದು ಬಿಡಿಸಿ ಬರೆಯಿರಿ. ಬೆಳಗಿನ ಬಸ್ಸಿಗೆ ಹೊರಜಿಲ್ಲೆಯಿಂದ ಬರುವವರು ಹಿಂದಿನ ರಾತ್ರಿಯೇ ತಲುಪುವಂತೆ ನೋಡಿಕೊಳ್ಳಿ. ಲ್ಯಾಪ್‌ಟಾಪ್, ಪ್ರಿಂಟರ್, ಬೋರ್ಡು, ಗಡಿಯಾರ ಯಾರು ತರುತ್ತಾರೆಂಬುದೂ ಬರಹದಲ್ಲಿರಲಿ. ಪ್ರಿಂಟರ್ ತರುವವರು ಬೇರೆ, ಕಾಗದ ತರುವವರು ಬೇರೆಯಾಗಿ, ಇಂಕ್ ಯಾರೂ ತಾರದೆ ಮೊದಲ ಸುತ್ತೇ ತಡವಾಗುವುದು ಅಪರೂಪವಲ್ಲ.

ಸ್ವಯಂಸೇವಕರಿಗೆ ಗೌರವಧನ ಕೊಡಬೇಕೇ? ಕೊಡುವುದಾದರೆ ಎಲ್ಲರಿಗೂ ಸಮನಾಗಿ ಕೊಡಿ, ಇಲ್ಲವಾದರೆ ಯಾರಿಗೂ ಬೇಡ. ಒಬ್ಬರಿಗೆ ಗುಟ್ಟಾಗಿ ಐನೂರು ಕೊಟ್ಟು ಇನ್ನೊಬ್ಬರಿಗೆ ಟೀ ಶರ್ಟ್ ಕೊಟ್ಟರೆ ಕ್ಲಬ್ಬೇ ಒಡೆಯುತ್ತದೆ. ನನ್ನ ಸಲಹೆ ಇಷ್ಟು: ನಗದು ಬೇಡ, ಪ್ರಯಾಣದ ಖರ್ಚನ್ನು ತಪ್ಪದೆ ಕೊಡಿ, ಊಟ ಚೆನ್ನಾಗಿರಲಿ, ಮುಂದಿನ ಟೂರ್ನಿಯಲ್ಲಿ ಪ್ರವೇಶ ಶುಲ್ಕ ಬಿಡಿ. ಕಾಲೇಜು ವಿದ್ಯಾರ್ಥಿಗಳು ಪ್ರಮಾಣಪತ್ರ ಕೇಳುತ್ತಾರೆ, ಕೊಡಿ. ತೆರಿಗೆ ಮತ್ತು ಸಂಘದ ನೋಂದಣಿಯ ವಿಷಯಗಳನ್ನು ನಿಮ್ಮ ಲೆಕ್ಕ ನೋಡುವ ಆಡಿಟರ್‌ಗೆ ಮುಂಚೆಯೇ ತೋರಿಸಿ.

7. ಪ್ರಕಟಣೆಯಲ್ಲಿ ಬರೆಯಬೇಕಾದದ್ದು

ಬಹುಮಾನದ ಪಟ್ಟಿ, ವಯಸ್ಸಿನ ಗುಂಪುಗಳು, ಆಟದ ಸಮಯ, ನೋಂದಣಿಯ ಕೊನೆಯ ದಿನ ಇವನ್ನು ಎಲ್ಲರೂ ಬರೆಯುತ್ತಾರೆ. ಮರೆಯುವುದು ಟೈ ಬ್ರೇಕ್. ಸಮಾನ ಅಂಕ ಗಳಿಸಿದವರಲ್ಲಿ ಮೇಲಿನ ಸ್ಥಾನ ಯಾರಿಗೆ ಎಂಬುದನ್ನು ತೀರ್ಮಾನಿಸುವ ಕ್ರಮವದು. ಬುಕ್‌ಹೋಲ್ಟ್ಸ್ ಎಂಬ ಪ್ರಚಲಿತ ಕ್ರಮದಲ್ಲಿ ನೀವು ಎದುರಿಸಿದ ಆಟಗಾರರೆಲ್ಲ ಗಳಿಸಿದ ಅಂಕಗಳನ್ನು ಕೂಡುತ್ತಾರೆ. ಕ್ರಮ ಯಾವುದೆಂದು ಮುಂಚೆಯೇ ಮುದ್ರಿಸದಿದ್ದರೆ ಸಂಜೆ ಟ್ರೋಫಿಯ ಮುಂದೆ ನಿಂತು ವಾದ ಮಾಡಬೇಕಾಗುತ್ತದೆ. ತೀರ್ಪಿನ ವಿರುದ್ಧ ಮೇಲ್ಮನವಿ ಕೇಳಲು ಬೇರೆ ಬೇರೆ ಕ್ಲಬ್ಬುಗಳ ಮೂವರ ಸಮಿತಿಯನ್ನೂ ಇಲ್ಲೇ ಹೆಸರಿಸಿ.

ಸ್ಪಾಟ್ ಎಂಟ್ರಿ, ಅಂದರೆ ಅದೇ ದಿನ ಬಂದು ಹೆಸರು ಬರೆಸುವುದನ್ನು ಇಡಬೇಡಿ. ಬೆಳಿಗ್ಗೆ ಬಂದ ಹತ್ತು ಹೆಚ್ಚುವರಿ ಹೆಸರುಗಳು ಮೊದಲ ಸುತ್ತನ್ನು ಒಂದು ಗಂಟೆ ಹಿಂದೂಡುವುದುಂಟು.

8. ಟೂರ್ನಿಯ ದಿನ

ಅಧಿಕಾರದ ಗೆರೆ ಸ್ಪಷ್ಟವಿರಲಿ. ಬೋರ್ಡಿನ ಮೇಲೆ ನಡೆಯುವುದೆಲ್ಲಕ್ಕೂ, ಮೇಲ್ಮನವಿ ಸಮಿತಿಯನ್ನು ಬಿಟ್ಟರೆ, ಮುಖ್ಯ ಆರ್ಬಿಟರದೇ ಕೊನೆಯ ಮಾತು, ಕ್ಲಬ್ಬಿನ ಅಧ್ಯಕ್ಷರೂ ಅದರಲ್ಲಿ ತಲೆಹಾಕುವಂತಿಲ್ಲ. ಬೋರ್ಡಿನ ಹೊರಗಿನದ್ದಕ್ಕೆಲ್ಲ ಒಬ್ಬರೇ ಸಂಯೋಜಕರು. ಅವರಿಗೆ ಬೇರೆ ಯಾವ ಕೆಲಸವೂ ಇರಕೂಡದು. ಶಾಮಿಯಾನದವರು, ಅಡುಗೆಯವರು, ಸ್ವಚ್ಛತೆಯವರು ಎಲ್ಲರ ಬಳಿಯೂ ಅವರೊಬ್ಬರ ನಂಬರ್ ಮಾತ್ರ ಇರಲಿ. ಸ್ವಯಂಸೇವಕರು ಹಣ ಪಡೆದು ಬಂದವರಿಗೆ ನೇರವಾಗಿ ಆಜ್ಞೆ ಮಾಡಲು ಶುರುಮಾಡಿದರೆ ಇಬ್ಬರೂ ಸಿಟ್ಟಾಗುತ್ತಾರೆ.

ಟೂರ್ನಿಯ ಅತಿ ಸೂಕ್ಷ್ಮ ಹೊತ್ತೆಂದರೆ ಒಂದು ಸುತ್ತಿನ ಕೊನೆಯ ಆಟ ಮುಗಿದ ಕ್ಷಣದಿಂದ ಮುಂದಿನ ಜೋಡಿಪಟ್ಟಿ ಗೋಡೆಗೆ ಬರುವವರೆಗಿನ ಹತ್ತು ಹದಿನೈದು ನಿಮಿಷ. ಮಕ್ಕಳು ಆಟ ಮುಗಿಸಿದ ಕೂಡಲೇ ಕಾಯಿಗಳನ್ನು ಮೊದಲಿನಂತೆ ಜೋಡಿಸಿ ಓಡುತ್ತಾರೆ. ಆಮೇಲೆ ಒಬ್ಬ "ಚೆಕ್‌ಮೇಟ್ ಆಯ್ತು" ಎಂದರೆ ಇನ್ನೊಬ್ಬ "ಇಲ್ಲ, ಡ್ರಾ ಆಗಿತ್ತು" ಎನ್ನುತ್ತಾನೆ, ನೋಡಲು ಬೋರ್ಡಿನ ಮೇಲೆ ಏನೂ ಉಳಿದಿರುವುದಿಲ್ಲ. ಅದಕ್ಕಾಗಿ ಮೊದಲ ಸುತ್ತಿಗೆ ಮುನ್ನ ಮೈಕ್‌ನಲ್ಲಿ ಎರಡು ಸಲ ಹೇಳಿಸಿ: ಆಟ ಮುಗಿದರೆ ಕಾಯಿಗಳನ್ನು ಮುಟ್ಟದೆ ಇಬ್ಬರೂ ಕೈ ಎತ್ತಬೇಕು, ಆರ್ಬಿಟರ್ ಬಂದು ನೋಡಿದ ಮೇಲೆಯೇ ಚೀಟಿಯಲ್ಲಿ ಫಲಿತಾಂಶ ಬರೆದು ಇಬ್ಬರೂ ಸಹಿ ಮಾಡಬೇಕು. ಸ್ವಯಂಸೇವಕರು ಸಹಿಯಾದ ಚೀಟಿಯನ್ನು ಪೇರಿಂಗ್ ಮೇಜಿಗೆ ಒಯ್ಯಬೇಕೇ ಹೊರತು ಬಾಯಿಮಾತಿನ ಫಲಿತಾಂಶವನ್ನು ಒಯ್ಯಬಾರದು. ಆ ಮೇಜಿನ ಸುತ್ತ ಪೋಷಕರು ಮುತ್ತದಂತೆ ಒಬ್ಬರನ್ನು ಇದಕ್ಕೆಂದೇ ನಿಲ್ಲಿಸಿ. ಗಟ್ಟಿ ದನಿಯ, ನಗುಮುಖದ ಹಿರಿಯ ಸದಸ್ಯರಾದರೆ ಒಳ್ಳೆಯದು.

ಜೋಡಿಪಟ್ಟಿಯನ್ನು ಮೂರು ಪ್ರತಿ ಮಾಡಿ ಬೇರೆ ಬೇರೆ ಗೋಡೆಗೆ, ದೊಡ್ಡವರ ಎದೆಯ ಎತ್ತರಕ್ಕೆ ಅಂಟಿಸಿ. ಅದಕ್ಕಿಂತ ಮೇಲಿದ್ದರೆ ಮಕ್ಕಳಿಗೆ ಕಾಣದು.

ಪೋಷಕರು ಮತ್ತು ಮೊಬೈಲ್ ಫೋನ್‌ಗಳು ಹಾಲ್‌ನೊಳಗೆ ಬರಬಾರದು. ಸುತ್ತು ಶುರುವಾದ ಐದು ನಿಮಿಷ ಫೋಟೊಗೆ ಬಿಟ್ಟು ಬಾಗಿಲು ಹಾಕಿ. ಶಾಸಕರಿಗಿರಲಿ, ದಾನಿಗಳಿಗಿರಲಿ, ನಿಯಮ ಒಂದೇ. ಉದ್ಘಾಟನೆಯನ್ನೂ ಹತ್ತು ನಿಮಿಷಕ್ಕೆ ಮುಗಿಸಿ. ಅತಿಥಿಗಳು ತಡವಾದರೆ ಮೊದಲ ಸುತ್ತು ಆಡಿಸಿ, ಉದ್ಘಾಟನೆಯನ್ನು ಅದರ ನಂತರ ಇಟ್ಟುಕೊಳ್ಳಿ.

9. ಮುಗಿದ ಮೇಲೆ

ಆರ್ಬಿಟರ್‌ಗಳ ಬಾಕಿಯನ್ನು ಅವರು ಹೊರಡುವ ಮೊದಲೇ ಪಾವತಿ ಮಾಡಿ ರಸೀದಿ ಪಡೆಯಿರಿ. "ನಾಳೆ ಕಳಿಸುತ್ತೇವೆ ಸರ್" ಎಂಬ ಮಾತು ಆರ್ಬಿಟರ್‌ಗಳ ವಲಯದಲ್ಲಿ ಬೇಗ ಹರಡುತ್ತದೆ, ಮುಂದಿನ ಸಲ ಒಳ್ಳೆಯವರು ಸಿಗುವುದಿಲ್ಲ. ಸ್ವಚ್ಛತೆಯವರಿಗೂ ಅದೇ ಸಂಜೆ.

ಸೆಟ್‌ಗಳನ್ನು ಅಲ್ಲೇ ಎಣಿಸಿ ಪೆಟ್ಟಿಗೆಗೆ ಹಾಕಿಸಿ: ಒಂದು ಸೆಟ್‌ಗೆ 32 ಕಾಯಿ, ಹೆಚ್ಚುವರಿ ರಾಣಿಗಳಿದ್ದರೆ 34. ಬಾಡಿಗೆಗೆ ತಂದ ಗಡಿಯಾರಗಳನ್ನು ಕೊಟ್ಟವರ ಎದುರಿಗೇ ಒತ್ತಿ ನೋಡಿ ಒಪ್ಪಿಸಿ. ದಣಿದ ಸ್ವಯಂಸೇವಕರು ಈ ಹೊತ್ತಿಗೆ ಚದುರುತ್ತಿರುತ್ತಾರಾದ್ದರಿಂದ, ಎಣಿಕೆಗೆ ಎರಡನೇ ಪಾಳಿಯ ನಾಲ್ವರ ಹೆಸರನ್ನು ಮೊದಲೇ ಬರೆದಿಟ್ಟಿರಬೇಕು.

ಒಂದು ವಾರದೊಳಗೆ ಜಮಾ ಖರ್ಚಿನ ಪಟ್ಟಿಯನ್ನು ಸದಸ್ಯರಿಗೂ ಸ್ವಯಂಸೇವಕರಿಗೂ ಕಳಿಸಿ. ಬಿಡಿಗಾಸೂ ಪಡೆಯದೆ ದಿನವಿಡೀ ನಿಂತವರಿಗೆ ಆರ್ಬಿಟರ್‌ಗೆ ಎಷ್ಟು ಕೊಟ್ಟಿರಿ, ಏಕೆ ಕೊಟ್ಟಿರಿ ಎಂದು ತಿಳಿಯುವ ಹಕ್ಕಿದೆ. ಅದೇ ವಾರದಲ್ಲಿ ಅವರನ್ನೆಲ್ಲ ಒಂದು ಸಂಜೆ ಕರೆದು, ಎರಡನೇ ಹಂತದಲ್ಲಿ ಮಾಡಿದ ಪಟ್ಟಿಯನ್ನು ಮುಂದಿಟ್ಟು, ಯಾವ ಕೆಲಸವನ್ನು ಈ ಕಡೆಯಿಂದ ಆ ಕಡೆಗೆ ಸರಿಸಬೇಕೆಂದು ಕೇಳಿ, ಹೇಳಿದ್ದನ್ನು ಪಟ್ಟಿಯ ಅಂಚಿನಲ್ಲೇ ಬರೆದುಕೊಳ್ಳಿ. ನೋಂದಣಿ ಮೇಜಿನಲ್ಲಿ ಕೂತವರ ಮಾತನ್ನು ಮೊದಲು ಕೇಳಿ. ಬಂದವರ ದೂರುಗಳೆಲ್ಲ ಹೆಚ್ಚಾಗಿ ಅವರ ಕಿವಿಗೇ ಬಿದ್ದಿರುತ್ತವೆ.